ಅಂತರರಾಷ್ಟ್ರೀಯ ಮಾನವೀಯ ಕಾನೂನು: ಯುದ್ಧದ ನಿಯಮಗಳು ಮತ್ತು ಕರ್ನಾಟಕದ ಅನುಭವ

ಯುದ್ಧ ಅಥವಾ ಸಶಸ್ತ್ರ ಸಂಘರ್ಷದ ಕಾಲದಲ್ಲಿ ಹೋರಾಡದವರನ್ನು ಮತ್ತು ಹೋರಾಡುವ ಶಕ್ತಿ ಕಳೆದುಕೊಂಡವರನ್ನು ಕಾಪಾಡುವ, ಹೋರಾಡುವವರು ಬಳಸುವ ಆಯುಧ ಮತ್ತು ವಿಧಾನಗಳಿಗೆ ಮಿತಿ ಹಾಕುವ ನಿಯಮಗಳ ಸಮೂಹವೇ ಅಂತರರಾಷ್ಟ್ರೀಯ ಮಾನವೀಯ ಕಾನೂನು. ಇದನ್ನು ಯುದ್ಧದ ಕಾನೂನು, ಸಶಸ್ತ್ರ ಸಂಘರ್ಷದ ಕಾನೂನು ಎಂದೂ ಕರೆಯುತ್ತಾರೆ. ಯುದ್ಧ ಹೂಡಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆಗೆ 1945ರ ವಿಶ್ವಸಂಸ್ಥೆಯ ಸನ್ನದು ಉತ್ತರ ಹೇಳುತ್ತದೆ. ಮಾನವೀಯ ಕಾನೂನು ಆ ಪ್ರಶ್ನೆಗೆ ಕೈ ಹಾಕುವುದಿಲ್ಲ. ದಾಳಿ ಮಾಡಿದವರಿಗೂ ದಾಳಿಗೆ ಒಳಗಾದವರಿಗೂ ಅದು ಒಂದೇ ಕಟ್ಟುಪಾಡು ವಿಧಿಸುತ್ತದೆ. ನಮ್ಮ ಕಡೆ ನ್ಯಾಯವಿದೆ ಎಂಬ ಕಾರಣಕ್ಕೆ ಸೆರೆಸಿಕ್ಕವನನ್ನು ಕೊಲ್ಲುವ ಅಧಿಕಾರ ಯಾರಿಗೂ ಬರುವುದಿಲ್ಲ.

ಇದು ಜಿನೀವಾ, ಹೇಗ್ ನಗರಗಳಲ್ಲಿ ಹುಟ್ಟಿದ ದೂರದ ವಿಷಯ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಈ ಕಾನೂನು ಎತ್ತುವ ಮುಖ್ಯ ಪ್ರಶ್ನೆಗಳೆಲ್ಲ ಕರ್ನಾಟಕದ ನೆಲದಲ್ಲಿ, ಕನ್ನಡ ನಾಡಿನವರ ಬದುಕಿನಲ್ಲಿ ಎದುರಾಗಿವೆ. ಇಲ್ಲಿನವರು ಸೆರೆ ಹಿಡಿದಿದ್ದಾರೆ, ಸೆರೆಯಾಗಿದ್ದಾರೆ, ಎರಡು ಪಕ್ಷಗಳ ನಡುವೆ ನಿಂತು ಸೆರೆಯಾಳುಗಳನ್ನು ಕಾದಿದ್ದಾರೆ.

ಮೂಲ ತತ್ತ್ವಗಳು

ಈ ಕಾನೂನಿನ ಅಡಿಪಾಯ ನಾಲ್ಕು ತತ್ತ್ವಗಳು. ಮೊದಲನೆಯದು ಭೇದದ ತತ್ತ್ವ: ಯೋಧರಿಗೂ ನಾಗರಿಕರಿಗೂ, ಸೈನಿಕ ಗುರಿಗೂ ನಾಗರಿಕ ಆಸ್ತಿಗೂ ಸದಾ ವ್ಯತ್ಯಾಸ ಮಾಡಬೇಕು, ದಾಳಿ ಸೈನಿಕ ಗುರಿಯ ಮೇಲೆ ಮಾತ್ರ ನಡೆಯಬೇಕು. ಎರಡನೆಯದು ಪ್ರಮಾಣಬದ್ಧತೆ: ಸೈನಿಕ ಗುರಿಯ ಮೇಲೆ ದಾಳಿ ಮಾಡುವಾಗಲೂ ಅದರಿಂದ ಸಿಗುವ ನೇರ ಸೈನಿಕ ಲಾಭಕ್ಕೆ ಹೋಲಿಸಿದರೆ ನಾಗರಿಕರಿಗೆ ಆಗುವ ಹಾನಿ ವಿಪರೀತವಾಗಿರಬಾರದು. ಮೂರನೆಯದು ಮುನ್ನೆಚ್ಚರಿಕೆ: ಗುರಿಯನ್ನು ಖಚಿತಪಡಿಸಿಕೊಳ್ಳಬೇಕು, ಸಾಧ್ಯವಿದ್ದಲ್ಲಿ ಜನರಿಗೆ ಮೊದಲೇ ಎಚ್ಚರಿಕೆ ಕೊಡಬೇಕು. ನಾಲ್ಕನೆಯದು ಅನಗತ್ಯ ಯಾತನೆಯ ನಿಷೇಧ: ಎದುರಾಳಿಯನ್ನು ಯುದ್ಧದಿಂದ ಹೊರಗಿಡಲು ಬೇಕಾದುದಕ್ಕಿಂತ ಹೆಚ್ಚು ನರಳಿಸುವ ಆಯುಧ ಸಲ್ಲದು.

1899ರ ಹೇಗ್ ಒಪ್ಪಂದದ ಪೀಠಿಕೆಯಲ್ಲಿ ಸೇರಿದ ಮಾರ್ಟೆನ್ಸ್ ಷರತ್ತು ಇವೆಲ್ಲದರ ಬೆನ್ನಿಗಿದೆ. ಬರೆದ ನಿಯಮ ಇಲ್ಲದ ಕಡೆಯೂ ಮಾನವೀಯತೆಯ ತತ್ತ್ವಗಳು ಮತ್ತು ಜನತೆಯ ಅಂತಃಸಾಕ್ಷಿ ಮನುಷ್ಯನಿಗೆ ರಕ್ಷಣೆ ಕೊಡುತ್ತವೆ ಎಂಬುದು ಅದರ ಸಾರ. ಹೊಸ ಆಯುಧ ಬಂದಾಗಲೆಲ್ಲ ನ್ಯಾಯವಾದಿಗಳು ಈ ಷರತ್ತನ್ನೇ ಎತ್ತಿ ಹಿಡಿಯುತ್ತಾರೆ.

ಹಳೆಯ ಕರ್ನಾಟಕದ ಯುದ್ಧಧರ್ಮ

ಯುದ್ಧಕ್ಕೂ ನೀತಿ ಬೇಕೆಂಬ ಅರಿವು ಭಾರತದಲ್ಲಿ ಹಳೆಯದು. ವಿಷ ಲೇಪಿಸಿದ ಬಾಣ ಬಿಡಬಾರದು. ಕೈಮುಗಿದವನನ್ನು, ಮಲಗಿದವನನ್ನು, ನಿರಾಯುಧನನ್ನು, ಗಾಯಗೊಂಡವನನ್ನು ಕೊಲ್ಲಬಾರದು ಎಂದು ಮನುಸ್ಮೃತಿಯ ಏಳನೆಯ ಅಧ್ಯಾಯ ವಿಧಿಸುತ್ತದೆ. ಇಮ್ಮಡಿ ಪುಲಿಕೇಶಿಯ ಕಾಲದಲ್ಲಿ, ಸುಮಾರು ಕ್ರಿ.ಶ. 641ರಲ್ಲಿ, ಬಾದಾಮಿ ಚಾಲುಕ್ಯರ ರಾಜ್ಯಕ್ಕೆ ಬಂದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಇಲ್ಲಿನ ಜನರ ಸ್ವಭಾವವನ್ನು ದಾಖಲಿಸಿದ್ದಾನೆ. ಸೇಡು ತೀರಿಸಿಕೊಳ್ಳುವ ಮುನ್ನ ಇವರು ವೈರಿಗೆ ಮೊದಲೇ ತಿಳಿಸುತ್ತಾರೆ, ಇಬ್ಬರೂ ಆಯುಧ ಹಿಡಿದ ಮೇಲೆಯೇ ಕಾದುತ್ತಾರೆ, ಶರಣಾದವನನ್ನು ಕೊಲ್ಲುವುದಿಲ್ಲ ಎಂಬುದು ಅವನ ಬರಹದ ಸಾರ.

ಆದರೆ ಆದರ್ಶಕ್ಕೂ ಆಚರಣೆಗೂ ಅಂತರ ಇತ್ತು. ಅದಕ್ಕೆ ಸಾಕ್ಷಿ ಧಾರವಾಡ, ಹಾವೇರಿ, ಶಿವಮೊಗ್ಗ ಸೀಮೆಯ ಊರೂರಲ್ಲಿ ನಿಂತಿರುವ ವೀರಗಲ್ಲುಗಳು. ತುರುಗೋಳ್, ಪೆಣ್ಬುಯ್ಯಲ್, ಊರಳಿವು ಎಂಬ ಪದಗಳು ಈ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ದನ ಹೊಡೆದುಕೊಂಡು ಹೋಗುವುದು, ಹೆಣ್ಣುಮಕ್ಕಳ ಮೇಲೆ ಕೈಮಾಡುವುದು, ಊರನ್ನೇ ಹಾಳುಗೆಡವುವುದು ಅಂದಿನ ಕಾಳಗದ ಭಾಗವೇ ಆಗಿದ್ದವು. ಅವನ್ನು ತಡೆಯಲು ಹೋಗಿ ಸತ್ತವನಿಗೆ ಊರವರು ಕಲ್ಲು ನಿಲ್ಲಿಸಿದರು. ಅರಸರ ಪ್ರಶಸ್ತಿಗಳು ಗೆಲುವನ್ನು ಹೊಗಳಿದರೆ, ಈ ಕಲ್ಲುಗಳು ನಾಗರಿಕರನ್ನು ಕಾಪಾಡಿದವನನ್ನು ನೆನೆಯುತ್ತವೆ. ಮಾನವೀಯ ಕಾನೂನು ಇಂದು ಗೌರವಿಸುವ ಮೌಲ್ಯವನ್ನು ಕನ್ನಡದ ಹಳ್ಳಿಗಳು ಸಾವಿರ ವರ್ಷಕ್ಕೂ ಹಿಂದೆಯೇ ಗೌರವಿಸಿದ್ದವು.

ಸಾಂಸ್ಕೃತಿಕ ಆಸ್ತಿಯ ನಾಶದ ವಿಷಯದಲ್ಲೂ ಕರ್ನಾಟಕದ ಅನುಭವ ಕಹಿಯಾದದ್ದು. 1565ರ ರಕ್ಕಸ-ತಂಗಡಿ ಕಾಳಗದ ನಂತರ ವಿಜಯನಗರ ಪಟ್ಟಣ ತಿಂಗಳುಗಟ್ಟಲೆ ಲೂಟಿಯಾಗಿ ಹಾಳುಬಿತ್ತು. 1791ರಲ್ಲಿ ಪರಶುರಾಮ ಭಾವೆಯ ಮರಾಠಾ ಸೇನೆಯ ಸವಾರರು ಶೃಂಗೇರಿ ಮಠವನ್ನು ದೋಚಿದರು. ಮಠದ ಜೀರ್ಣೋದ್ಧಾರಕ್ಕೆ ಟಿಪ್ಪು ಸುಲ್ತಾನ್ ನೆರವು ಕೊಟ್ಟ ಪತ್ರಗಳು ಉಳಿದಿವೆ. ದಾಳಿ ಮಾಡಿದವರ ಧರ್ಮ ಯಾವುದೇ ಇರಲಿ, ಯುದ್ಧದಲ್ಲಿ ಗುಡಿ, ಮಠ, ಮಸೀದಿ, ಗ್ರಂಥಾಲಯಗಳಿಗೆ ರಕ್ಷಣೆ ಬೇಕು ಎಂಬ ಪಾಠ ಎರಡೂ ಘಟನೆಗಳಲ್ಲಿದೆ. 1954ರ ಹೇಗ್ ಒಪ್ಪಂದ ಈ ರಕ್ಷಣೆಯನ್ನು ಕಾನೂನಾಗಿಸಿತು. ಭಾರತ 1958ರಲ್ಲಿ ಅದಕ್ಕೆ ಸೇರಿತು.

ಕಿತ್ತೂರಿನಿಂದ ನರಗುಂದದವರೆಗೆ

ಧಾರವಾಡದಿಂದ ಬೆಳಗಾವಿಯ ದಾರಿಯಲ್ಲಿ ಸುಮಾರು 30 ಕಿ.ಮೀ. ದೂರದಲ್ಲಿರುವ ಕಿತ್ತೂರು ಸೆರೆಯಾಳುಗಳ ಪ್ರಶ್ನೆಯನ್ನು ತುಂಬ ಹತ್ತಿರದಿಂದ ಕಂಡ ಊರು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ನಡೆದ ಕಾದಾಟದಲ್ಲಿ ಸತ್ತ. ಅವನ ಸಹಾಯಕರಾದ ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್ ರಾಣಿ ಚೆನ್ನಮ್ಮನವರ ಕೈಗೆ ಸಿಕ್ಕರು. ಕಲೆಕ್ಟರನೇ ಸತ್ತಿದ್ದ ಆ ಬಿಸಿಯಲ್ಲೂ ಸೆರೆಸಿಕ್ಕವರ ಜೀವಕ್ಕೆ ಕಿತ್ತೂರಿನವರು ಅಪಾಯ ಮಾಡಲಿಲ್ಲ. ಸಂಧಾನದ ಮಾತುಕತೆಯ ನಡುವೆ ಡಿಸೆಂಬರ್ ಮೊದಲಲ್ಲಿ ಅವರನ್ನು ಬಿಟ್ಟುಕೊಟ್ಟರು. ಬಿಟ್ಟ ಬೆನ್ನಿಗೇ ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ಸೇನೆ ಮುತ್ತಿಗೆ ಹಾಕಿ ಕೋಟೆಯನ್ನು ಹಿಡಿಯಿತು. ಸೆರೆಯಾದ ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಬೈಲಹೊಂಗಲದಲ್ಲಿ ಬಂಧನದಲ್ಲೇ ತೀರಿಕೊಂಡರು.

ಇಂದಿನ ಕಾನೂನಿನ ಪ್ರಕಾರ ಯಾರನ್ನೂ ಒತ್ತೆ ಇಟ್ಟುಕೊಂಡು ಚೌಕಾಸಿ ಮಾಡುವಂತಿಲ್ಲ. ಅಂದು ಅಂಥ ನಿಯಮ ಇರಲಿಲ್ಲ. ಹಾಗಿದ್ದೂ ಕಿತ್ತೂರು ತೋರಿದ ಸಂಯಮದ ಫಲ ಕನ್ನಡಕ್ಕೆ ದಕ್ಕಿತು. ಬದುಕಿ ಬಂದ ಎಲಿಯಟ್ ಮುಂದೆ ಈ ಸೀಮೆಯ ಶಾಸನಗಳ ಹಿಂದೆ ಬಿದ್ದ. ಅವನು ಪ್ರತಿ ಮಾಡಿಸಿದ ಐನೂರಕ್ಕೂ ಹೆಚ್ಚು ಶಾಸನಗಳು ಚಾಲುಕ್ಯ, ಕದಂಬ ಅರಸು ಮನೆತನಗಳ ಇತಿಹಾಸ ಬರೆಯಲು ಮೊದಲ ಆಧಾರಗಳಾದವು.

ಕಿತ್ತೂರಿನ ನಂತರದ ಬಂಡಾಯಗಳು ಇನ್ನೊಂದು ಕಠಿಣ ಪ್ರಶ್ನೆಯನ್ನು ಮುಂದಿಡುತ್ತವೆ: ಆಯುಧ ಹಿಡಿದು ಆಳುವವರ ವಿರುದ್ಧ ಎದ್ದವನು ಯೋಧನೋ, ಅಪರಾಧಿಯೋ? ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. 1857ರ ನವೆಂಬರ್ ಕೊನೆಯಲ್ಲಿ, ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರ ಮೇಲೆ ದಾಳಿ ಮಾಡಿ ಊರಿಗೆ ಬೆಂಕಿ ಹಚ್ಚಿದರು. ಹಿಡಿದವರಲ್ಲಿ 19 ಜನರನ್ನು ನೇಣಿಗೆ ಹಾಕಿದರು. 1858ರ ಮೇ ತಿಂಗಳಲ್ಲಿ ರಾಜಕೀಯ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಕೊಲೆಯಾದ. ಅದಾದ ಎರಡೇ ವಾರದಲ್ಲಿ ಬಂಡೆದ್ದಿದ್ದ ನರಗುಂದದ ಅರಸ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಇಡೀ ಊರಿಗೆ ಸಾಮೂಹಿಕ ಶಿಕ್ಷೆ, ಆತುರದ ವಿಚಾರಣೆ, ಬೆದರಿಕೆಗಾಗಿ ಬಹಿರಂಗ ಗಲ್ಲು: ಇವೆಲ್ಲವನ್ನೂ ಇಂದಿನ ಕಾನೂನು ಹೆಸರಿಟ್ಟು ನಿಷೇಧಿಸುತ್ತದೆ ಅಥವಾ ಬಿಗಿಯಾಗಿ ನಿರ್ಬಂಧಿಸುತ್ತದೆ. 1949ರ ನಾಲ್ಕೂ ಜಿನೀವಾ ಒಪ್ಪಂದಗಳಲ್ಲಿ ಸಮಾನವಾಗಿರುವ ಮೂರನೆಯ ವಿಧಿ ಒಂದು ದೇಶದೊಳಗಿನ ಸಶಸ್ತ್ರ ಸಂಘರ್ಷಕ್ಕೆ ಅನ್ವಯಿಸುತ್ತದೆ. ಕೊಲೆ, ಚಿತ್ರಹಿಂಸೆ, ಒತ್ತೆ ಹಿಡಿಯುವುದು, ಘನತೆಗೆ ಕುಂದು ತರುವುದು, ಸರಿಯಾದ ನ್ಯಾಯಾಲಯದ ತೀರ್ಪಿಲ್ಲದೆ ಶಿಕ್ಷಿಸುವುದು ಅದರಡಿ ನಿಷಿದ್ಧ. ಬಂಡುಕೋರನ ಮೇಲೆ ಮೊಕದ್ದಮೆ ಹೂಡುವುದನ್ನು ಅದು ತಡೆಯುವುದಿಲ್ಲ. ಅವನನ್ನು ಮನುಷ್ಯನಂತೆ ನಡೆಸಿಕೊಳ್ಳಬೇಕೆಂದು ಒತ್ತಾಯಿಸುತ್ತದೆ.

ಜಿನೀವಾ ಒಪ್ಪಂದಗಳ ಬೆಳವಣಿಗೆ

ನರಗುಂದ ಬಿದ್ದ ಮರುವರ್ಷ, 1859ರ ಜೂನ್ 24ರಂದು ಉತ್ತರ ಇಟಲಿಯ ಸೊಲ್ಫೆರಿನೊದಲ್ಲಿ ಫ್ರಾನ್ಸ್ ಮತ್ತು ಸಾರ್ಡೀನಿಯಾದ ಸೇನೆಗಳು ಆಸ್ಟ್ರಿಯಾ ಸೇನೆಯೊಡನೆ ಕಾದಿದವು. ಸಾವಿರಾರು ಗಾಯಾಳುಗಳು ನೀರು, ಔಷಧಿ ಇಲ್ಲದೆ ಬಿದ್ದಿದ್ದನ್ನು ಕಂಡ ಜಿನೀವಾದ ವ್ಯಾಪಾರಿ ಹೆನ್ರಿ ಡ್ಯುನಾಂಟ್ ಹತ್ತಿರದ ಊರಿನ ಜನರನ್ನು ಸೇರಿಸಿ, ಯಾವ ಕಡೆಯವರೆಂದು ಕೇಳದೆ ಆರೈಕೆಗೆ ನಿಂತ. 1862ರಲ್ಲಿ ಆ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದ. 1863ರಲ್ಲಿ ಹುಟ್ಟಿದ ಸಮಿತಿಯೇ ಇಂದಿನ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ. 1864ರ ಆಗಸ್ಟ್ 22ರಂದು ಹತ್ತು ವಿಧಿಗಳ ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಬಿತ್ತು. 1901ರಲ್ಲಿ ಮೊದಲ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡ ಇಬ್ಬರಲ್ಲಿ ಡ್ಯುನಾಂಟ್ ಒಬ್ಬ.

ಮುಂದೆ 1899 ಮತ್ತು 1907ರ ಹೇಗ್ ಸಮ್ಮೇಳನಗಳು ಯುದ್ಧದ ವಿಧಾನಗಳಿಗೆ ನಿಯಮ ಕಟ್ಟಿದವು. 1925ರ ಜಿನೀವಾ ಪ್ರೋಟೊಕಾಲ್ ವಿಷಾನಿಲ ಬಳಕೆಯನ್ನು ನಿಷೇಧಿಸಿತು. 1929ರಲ್ಲಿ ಯುದ್ಧಕೈದಿಗಳಿಗಾಗಿಯೇ ಒಂದು ಒಪ್ಪಂದ ಬಂತು. ಎರಡನೆಯ ಮಹಾಯುದ್ಧದ ಘೋರ ಕೃತ್ಯಗಳ ನಂತರ 1949ರ ಆಗಸ್ಟ್ 12ರಂದು ನಾಲ್ಕು ಒಪ್ಪಂದಗಳು ರೂಪುಗೊಂಡವು: ನೆಲದ ಮೇಲಿನ ಗಾಯಾಳು ಸೈನಿಕರಿಗೆ ಮೊದಲನೆಯದು, ಕಡಲಿನ ಗಾಯಾಳುಗಳಿಗೆ ಎರಡನೆಯದು, ಯುದ್ಧಕೈದಿಗಳಿಗೆ ಮೂರನೆಯದು, ನಾಗರಿಕರಿಗೆ ನಾಲ್ಕನೆಯದು. ಇಂದು 196 ರಾಷ್ಟ್ರಗಳು ಇವಕ್ಕೆ ಬದ್ಧವಾಗಿವೆ. 1977ರ ಎರಡು ಹೆಚ್ಚುವರಿ ಪ್ರೋಟೊಕಾಲ್‌ಗಳು ನಾಗರಿಕರ ರಕ್ಷಣೆಯನ್ನು ವಿಸ್ತರಿಸಿದವು. 2005ರ ಮೂರನೆಯ ಪ್ರೋಟೊಕಾಲ್ ಕೆಂಪು ಸ್ಫಟಿಕದ ಚಿಹ್ನೆಯನ್ನು ಸೇರಿಸಿತು.

ಮಹಾಯುದ್ಧಗಳ ಕಾಲದ ಶಿಬಿರಗಳು

ಮೊದಲ ಮಹಾಯುದ್ಧದಲ್ಲಿ ಬಳ್ಳಾರಿಯಲ್ಲಿ ತುರ್ಕಿ ಕೈದಿಗಳ ಶಿಬಿರವಿತ್ತು. ಬೆಳಗಾವಿಯಲ್ಲಿ ಶತ್ರುದೇಶದ ಹೆಂಗಸರು ಮತ್ತು ಮಕ್ಕಳನ್ನು ಇಟ್ಟಿದ್ದರು. 1917ರಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಪ್ರತಿನಿಧಿಗಳು ಭಾರತ ಮತ್ತು ಬರ್ಮಾದ ಶಿಬಿರಗಳಲ್ಲಿ ಸುತ್ತಾಡಿ ವರದಿ ಬರೆದರು. ಹೊರಗಿನ ತಟಸ್ಥ ಕಣ್ಣೊಂದು ಸೆರೆಶಿಬಿರದ ಒಳಗೆ ಬಂದು ನೋಡುವ ಪದ್ಧತಿ ಹೀಗೆ ನಮ್ಮ ನೆಲಕ್ಕೂ ಬಂತು. ಅದೇ ಕಾಲಕ್ಕೆ ಮೆಸೊಪೊಟೇಮಿಯಾದ ಕುತ್‌ನಲ್ಲಿ 1916ರ ಏಪ್ರಿಲ್ 29ರಂದು ಶರಣಾದ ಬ್ರಿಟಿಷ್ ಭಾರತದ ಸೇನೆಯಲ್ಲಿ ಮರಾಠಾ ಪಡೆಗಳೂ ಇದ್ದವು. ಮರುಭೂಮಿಯ ದೀರ್ಘ ನಡಿಗೆಯಲ್ಲಿ, ತುರ್ಕಿಯ ಶಿಬಿರಗಳಲ್ಲಿ ಆ ಸೆರೆಯಾಳುಗಳಲ್ಲಿ ಬಹಳ ಜನ ಹಸಿವು, ರೋಗಗಳಿಂದ ಸತ್ತರು. ಒಬ್ಬರ ಸೆರೆಯಾಳು ಇನ್ನೊಬ್ಬರ ಮನೆಮಗ ಎಂಬುದನ್ನು ಆ ಯುದ್ಧ ಎರಡೂ ಕಡೆ ಕಲಿಸಿತು.

ಧಾರವಾಡದಲ್ಲಿ 1837ರಿಂದ, ಹುಬ್ಬಳ್ಳಿಯಲ್ಲಿ 1839ರಿಂದ ಶಾಲೆ, ಅಚ್ಚುಕೂಟ, ವೈದ್ಯಕೀಯದಲ್ಲಿ ತೊಡಗಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳಿಗೂ ಈ ಯುದ್ಧದ ಬಿಸಿ ತಟ್ಟಿತು. ಅವರು ಯೋಧರಲ್ಲ. ಆದರೂ ಶತ್ರುದೇಶದ ಪ್ರಜೆಗಳೆಂಬ ಕಾರಣಕ್ಕೆ ಅಹಮದ್‌ನಗರದ ಶಿಬಿರಕ್ಕೆ ಕಳಿಸಿದರು. 1915 ಮತ್ತು 1916ರಲ್ಲಿ ‘ಗೋಲ್ಕೊಂಡ’ ಹಡಗಿನಲ್ಲಿ ಅನೇಕರನ್ನು ದೇಶದಿಂದ ಹೊರಗೆ ಸಾಗಿಸಿದರು. ಶತ್ರುನೆಲದಲ್ಲಿ ಸಿಕ್ಕಿಬಿದ್ದ ನಾಗರಿಕನಿಗೆ ಅಂದು ಒಪ್ಪಂದದ ರಕ್ಷಣೆ ಇರಲಿಲ್ಲ. 1949ರ ನಾಲ್ಕನೆಯ ಒಪ್ಪಂದ ಈ ಕೊರತೆಯನ್ನು ತುಂಬಿತು: ನಾಗರಿಕನನ್ನು ಬಂಧನದಲ್ಲಿಡಲು ಭದ್ರತೆಯ ಖಚಿತ ಕಾರಣ ಬೇಕು, ಆ ಆದೇಶವನ್ನು ನ್ಯಾಯಾಲಯ ಅಥವಾ ಮಂಡಳಿ ಮರುಪರಿಶೀಲಿಸಬೇಕು, ಕುಟುಂಬಗಳನ್ನು ಸಾಧ್ಯವಾದಷ್ಟೂ ಒಟ್ಟಿಗೆ ಇಡಬೇಕು.

ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಬೆಂಗಳೂರಿನ ಜಾಲಹಳ್ಳಿ ಮತ್ತಿತರ ಕಡೆಯ ಶಿಬಿರಗಳಲ್ಲಿ ಇರಿಸಿದ್ದರು. ಅವರ ಊಟ, ವಸತಿ, ಪತ್ರ, ದುಡಿಮೆಗೆ 1929ರ ಒಪ್ಪಂದವೇ ಅಳತೆಗೋಲಾಗಿತ್ತು.

ಯುದ್ಧಕೈದಿಯ ಹಕ್ಕುಗಳು

143 ವಿಧಿಗಳ ಮೂರನೆಯ ಜಿನೀವಾ ಒಪ್ಪಂದ ಈ ಕಾನೂನಿನ ಅತ್ಯಂತ ವಿವರವಾದ ಭಾಗಗಳಲ್ಲೊಂದು. ಅದರ ದೃಷ್ಟಿಯಲ್ಲಿ ಯುದ್ಧಕೈದಿ ಅಪರಾಧಿಯಲ್ಲ. ಅವನು ತನ್ನ ದೇಶಕ್ಕಾಗಿ ಕಾದಿದವನು. ಮತ್ತೆ ರಣರಂಗಕ್ಕೆ ಹೋಗದಂತೆ ತಡೆಯುವುದಷ್ಟೇ ಸೆರೆಯ ಉದ್ದೇಶ. ಅವನು ತನ್ನನ್ನು ಹಿಡಿದ ಸೈನಿಕನ ಅಥವಾ ತುಕಡಿಯ ಕೈದಿಯಲ್ಲ, ಶತ್ರು ಸರಕಾರದ ಕೈದಿ. ಅವನ ಹೊಣೆ ಆ ಸರಕಾರದ್ದು.

ವಿಚಾರಣೆಯಲ್ಲಿ ಕೈದಿ ತನ್ನ ಹೆಸರು, ದರ್ಜೆ, ಹುಟ್ಟಿದ ದಿನಾಂಕ, ಸೇನಾ ಸಂಖ್ಯೆ ಹೇಳಿದರೆ ಸಾಕು. ಹೆಚ್ಚು ಬಾಯಿ ಬಿಡಿಸಲು ಹಿಂಸೆ ಕೊಡುವಂತಿಲ್ಲ. ಬೈಗುಳ, ಬೆದರಿಕೆ, ಜನರ ಕುತೂಹಲಕ್ಕೆ ಪ್ರದರ್ಶಿಸುವುದು 13ನೆಯ ವಿಧಿಯಂತೆ ನಿಷಿದ್ಧ. ಸೆರೆಯಾಳಿನ ವಿಡಿಯೊ ತೆಗೆದು ಹರಿಬಿಡುವ ಇಂದಿನ ಚಾಳಿಗೂ ಇದು ಅನ್ವಯಿಸುತ್ತದೆ. ಸೆರೆಯಾದ ಕೂಡಲೇ, ತಡವಾದರೂ ಶಿಬಿರ ಸೇರಿದ ಒಂದು ವಾರದೊಳಗೆ, ಮನೆಯವರಿಗೆ ಸುದ್ದಿ ತಿಳಿಸುವ ಕಾರ್ಡು ಬರೆಯಲು ಅವಕಾಶ ಕೊಡಬೇಕು. ಪತ್ರಗಳಿಗೆ ಮಿತಿ ಹಾಕಿದರೂ ತಿಂಗಳಿಗೆ ಕನಿಷ್ಠ ಎರಡು ಪತ್ರ, ನಾಲ್ಕು ಕಾರ್ಡು ಕಳಿಸಲು ಬಿಡಬೇಕು. ಆರೋಗ್ಯ ಕಾಪಾಡುವಷ್ಟು ಊಟ, ಅವನ ರೂಢಿಯ ಆಹಾರಕ್ಕೆ ಗಮನ, ಚಿಕಿತ್ಸೆ, ಪೂಜೆ-ಪ್ರಾರ್ಥನೆಯ ಸ್ವಾತಂತ್ರ್ಯ ಕೊಡಬೇಕು. ರೆಡ್‌ಕ್ರಾಸ್ ಪ್ರತಿನಿಧಿಗಳು ಶಿಬಿರಕ್ಕೆ ಬಂದು, ಕಾವಲಿನವರ ಎದುರಿಲ್ಲದೆ ಕೈದಿಗಳೊಡನೆ ಮಾತಾಡಬಹುದು. ತೀವ್ರವಾಗಿ ಗಾಯಗೊಂಡವರನ್ನು ಯುದ್ಧ ನಡೆಯುತ್ತಿರುವಾಗಲೇ ಊರಿಗೆ ಕಳಿಸಬೇಕು. ಕಾದಾಟ ನಿಂತ ಮೇಲೆ ಉಳಿದ ಎಲ್ಲರನ್ನೂ ತಡಮಾಡದೆ ಬಿಡುಗಡೆ ಮಾಡಿ ಸ್ವದೇಶಕ್ಕೆ ಕಳಿಸಬೇಕು ಎಂಬುದು 118ನೆಯ ವಿಧಿ.

ಕೊರಿಯಾದಲ್ಲಿ ತಿಮ್ಮಯ್ಯ

ಈ 118ನೆಯ ವಿಧಿಯೇ ಕೊರಿಯಾ ಯುದ್ಧದ ಸಂಧಾನವನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. ವಿಶ್ವಸಂಸ್ಥೆಯ ಪಡೆಗಳ ಕೈಯಲ್ಲಿದ್ದ ಸಾವಿರಾರು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ತಾವು ಹಿಂತಿರುಗುವುದಿಲ್ಲ ಎಂದರು. ಎಲ್ಲರನ್ನೂ ಕಳಿಸಲೇಬೇಕು ಎಂದು ಚೀನಾ ಮತ್ತು ಉತ್ತರ ಕೊರಿಯಾ ಪಟ್ಟು ಹಿಡಿದವು. ಬಲವಂತ ಮಾಡುವುದಿಲ್ಲ ಎಂದು ಅಮೆರಿಕ ಹೇಳಿತು. ಕೊನೆಗೆ 1953ರ ಜುಲೈ 27ರ ಕದನವಿರಾಮದ ಪ್ರಕಾರ ತಟಸ್ಥ ರಾಷ್ಟ್ರಗಳ ಸ್ವದೇಶ ವಾಪಸಾತಿ ಆಯೋಗ ರಚನೆಯಾಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಸದಸ್ಯರಾಗಿದ್ದ ಆಯೋಗಕ್ಕೆ ಭಾರತದ್ದೇ ಅಧ್ಯಕ್ಷತೆ. ಆ ಹೊಣೆ ಹೊತ್ತವರು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಲೆಫ್ಟಿನೆಂಟ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕೈದಿಗಳ ಕಾವಲಿಗೆ ಹೋದ ಸುಮಾರು 6 ಸಾವಿರ ಜನರ ಭಾರತೀಯ ಪಡೆಗೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ಮುಖ್ಯಸ್ಥರು. ಭಾರತೀಯ ಸೈನಿಕರು ತನ್ನ ನೆಲ ಮುಟ್ಟಬಾರದೆಂದು ದಕ್ಷಿಣ ಕೊರಿಯಾ ಹಟ ಹಿಡಿದಿದ್ದರಿಂದ ಅವರನ್ನು ಹಡಗಿನಿಂದ ಹೆಲಿಕಾಪ್ಟರ್‌ಗಳಲ್ಲಿ ಸೇನಾಮುಕ್ತ ವಲಯಕ್ಕೆ ಸಾಗಿಸಬೇಕಾಯಿತು.

ಕೆಲಸ ನಡೆದದ್ದು ಗುಡಾರಗಳಲ್ಲಿ. ಒಬ್ಬೊಬ್ಬ ಕೈದಿಯನ್ನು ಒಳಗೆ ಕರೆತರುತ್ತಿದ್ದರು. ಅವನ ದೇಶದ ಪ್ರತಿನಿಧಿಗಳು, ಮನೆಗೆ ಬಾ, ಶಿಕ್ಷೆಯ ಭಯ ಬೇಡ ಎಂದು ತಿಳಿಹೇಳುತ್ತಿದ್ದರು. ತಟಸ್ಥ ರಾಷ್ಟ್ರಗಳವರು ನೋಡುತ್ತ ಕೂರುತ್ತಿದ್ದರು. ಗುಡಾರದಿಂದ ಹೊರಗೆ ಹೋಗಲು ಎರಡು ಬಾಗಿಲು: ಒಂದರಲ್ಲಿ ಹೋದರೆ ಸ್ವದೇಶ, ಇನ್ನೊಂದರಲ್ಲಿ ಹೋದರೆ ಮರಳಿ ಶಿಬಿರ. ಹೊರಗಿನ ಶಿಬಿರಗಳಲ್ಲಿ ಕೈದಿಗಳ ನಾಯಕರೇ ತಮ್ಮವರನ್ನು ಹೆದರಿಸಿ ಹಿಡಿದಿಟ್ಟಿದ್ದರು. ಒಮ್ಮೆ ಮೇಜರ್ ಗ್ರೇವಾಲ್ ಎಂಬ ಭಾರತೀಯ ಅಧಿಕಾರಿಯನ್ನು ಚೀನೀ ಕೈದಿಗಳು ಒತ್ತೆ ಇಟ್ಟುಕೊಂಡಾಗ ಥೋರಟ್ ತಾವೇ ಬೇಲಿಯೊಳಗೆ ಹೋಗಿ ಮಾತಾಡಿ ಬಿಡಿಸಿಕೊಂಡು ಬಂದರು. ಬೇರೆ ಗಲಭೆಗಳಲ್ಲಿ ಗುಂಡು ಹಾರಿ ಕೈದಿಗಳು ಸತ್ತದ್ದೂ ಉಂಟು.

ವಿಶ್ವಸಂಸ್ಥೆಯ ಕಡೆಯಿಂದ ಭಾರತೀಯರ ವಶಕ್ಕೆ ಬಂದ 22,604 ಜನರಲ್ಲಿ 628 ಜನ ಮಾತ್ರ ಸ್ವದೇಶಕ್ಕೆ ಮರಳಿದರು. ಇನ್ನೊಂದು ಕಡೆಯ 359 ಜನರಲ್ಲಿ ಹಿಂತಿರುಗಿದವರು 10. ಎರಡೂ ಕಡೆ ಬೇಡವೆಂದ 88 ಜನ ಭಾರತೀಯ ಪಡೆಯೊಂದಿಗೆ ಭಾರತಕ್ಕೆ ಬಂದರು. ಎರಡೂ ಪಕ್ಷಗಳಿಂದ ಟೀಕೆ ಕೇಳಿದರೂ ತಿಮ್ಮಯ್ಯ ಕೈದಿಯ ಇಚ್ಛೆಯನ್ನು ಯಾರ ಒತ್ತಡಕ್ಕೂ ಬಿಟ್ಟುಕೊಡಲಿಲ್ಲ. ಮನಸ್ಸಿಲ್ಲದ ಕೈದಿಯನ್ನು ಬಲವಂತವಾಗಿ ಕಳಿಸಬಾರದು ಎಂಬ ಇಂದಿನ ನಿಲುವಿಗೆ ಕೊರಿಯಾದ ಅನುಭವ ದೊಡ್ಡ ಆಧಾರ. ತಿಮ್ಮಯ್ಯ ಮುಂದೆ ಭೂಸೇನೆಯ ಮುಖ್ಯಸ್ಥರಾದರು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿದ್ದಾಗಲೇ 1965ರ ಡಿಸೆಂಬರ್ 18ರಂದು ತೀರಿಕೊಂಡರು.

1965 ಮತ್ತು 1971

ಅದೇ 1965ರ ಭಾರತ–ಪಾಕಿಸ್ತಾನ ಯುದ್ಧದ ಕೊನೆಯ ದಿನ, ಸೆಪ್ಟೆಂಬರ್ 22ರಂದು, ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ನಂದಾ ಕಾರ್ಯಪ್ಪನವರ ಹಂಟರ್ ವಿಮಾನ ಗುಂಡಿಗೆ ಸಿಕ್ಕಿ ಅವರು ಸೆರೆಯಾದರು. ಅವರ ತಂದೆ, ಸ್ವತಂತ್ರ ಭಾರತದ ಮೊದಲ ಭಾರತೀಯ ಸೇನಾ ಮಹಾದಂಡನಾಯಕ ಕೆ.ಎಂ. ಕಾರ್ಯಪ್ಪ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಅವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಡಲು ಸಿದ್ಧ ಎಂಬ ಸಂದೇಶ ಕಳಿಸಿದರು. ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತೀಯ ಸೈನಿಕರೆಲ್ಲ ನನ್ನ ಮಕ್ಕಳೇ, ಇವನಿಗೆ ಮಾತ್ರ ವಿಶೇಷ ಬೇಡ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬ ಅರ್ಥದ ಉತ್ತರ ಕೊಟ್ಟರು. ನಂದಾ ಕಾರ್ಯಪ್ಪ ಉಳಿದವರ ಜೊತೆ 1966ರ ಜನವರಿಯಲ್ಲಿ ಮರಳಿದರು. ಎಲ್ಲ ಕೈದಿಗಳನ್ನೂ ಸಮಾನವಾಗಿ ಕಾಣಬೇಕೆಂಬ 16ನೆಯ ವಿಧಿ ಸೆರೆಹಿಡಿದ ಸರಕಾರಕ್ಕೆ ವಿಧಿಸಿದ ಕರ್ತವ್ಯ. ಇಲ್ಲಿ ಒಬ್ಬ ತಂದೆ ತಾನಾಗಿಯೇ ಆ ಸಮಾನತೆಯನ್ನು ಎತ್ತಿ ಹಿಡಿದರು.

1971ರ ಯುದ್ಧದ ನಂತರ ಸುಮಾರು 93 ಸಾವಿರ ಪಾಕಿಸ್ತಾನಿಯರು ಭಾರತದ ವಶದಲ್ಲಿದ್ದರು. ಅವರನ್ನು ಮೂರನೆಯ ಒಪ್ಪಂದದ ಚೌಕಟ್ಟಿನಲ್ಲೇ ಇರಿಸಲಾಯಿತು. ಆದರೆ ವಾಪಸಾತಿ ರಾಜಕೀಯ ಮಾತುಕತೆಗೆ ತಳುಕು ಹಾಕಿಕೊಂಡು, 1973ರ ಆಗಸ್ಟ್‌ನ ದೆಹಲಿ ಒಪ್ಪಂದದ ಮೇಲೆ 1974ರ ಹೊತ್ತಿಗೆ ಮುಗಿಯಿತು. ‘ತಡಮಾಡದೆ’ ಎಂಬ ನಿಯಮವನ್ನು ಸರಕಾರಗಳು ತಮ್ಮ ಅನುಕೂಲಕ್ಕೆ ಎಳೆದಾಡುತ್ತವೆ ಎಂಬುದಕ್ಕೆ ಇದೂ ಒಂದು ಉದಾಹರಣೆ.

ಗೋವಾ ವಿಮೋಚನೆ: ಬಿಳಿ ಬಾವುಟ ಮತ್ತು ಮೊಂತೇರೊ ಪ್ರಕರಣ

1961ರ ಡಿಸೆಂಬರ್‌ನಲ್ಲಿ ಗೋವಾ ಕಾರ್ಯಾಚರಣೆಗೆ ಸೇನೆ ಜಮಾವಣೆಗೊಂಡದ್ದು ಬೆಳಗಾವಿಯಲ್ಲಿ. ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಪೋರ್ಚುಗೀಸರು ಬಿಳಿ ಬಾವುಟ ತೋರಿಸಿ, ಇಳಿಯಲು ಬಂದ ನಾವಿಕರ ಮೇಲೆ ಗುಂಡು ಹಾರಿಸಿದರೆಂದು ಭಾರತೀಯ ನೌಕಾಪಡೆಯ ದಾಖಲೆ ಹೇಳುತ್ತದೆ. ಅಲ್ಲಿ ಏಳು ನಾವಿಕರು ಸತ್ತರು. ರಕ್ಷಣೆಯ ನಂಬಿಕೆ ಹುಟ್ಟಿಸಿ ಆ ನಂಬಿಕೆಯನ್ನೇ ಬಳಸಿ ಕೊಲ್ಲುವುದು ವಿಶ್ವಾಸಘಾತ. ಈ ಕಾನೂನಿನಲ್ಲಿ ಅದು ಗಂಭೀರ ಅಪರಾಧ. ಮರೆಮಾಚಿಕೊಳ್ಳುವುದು, ಹುಸಿ ಚಲನೆಯಿಂದ ಶತ್ರುವನ್ನು ದಾರಿ ತಪ್ಪಿಸುವುದು ಯುದ್ಧತಂತ್ರ, ಅದಕ್ಕೆ ಅಡ್ಡಿಯಿಲ್ಲ. ಆದರೆ ಬಿಳಿ ಬಾವುಟ ಮತ್ತು ರೆಡ್‌ಕ್ರಾಸ್ ಚಿಹ್ನೆಯ ಮೇಲಿನ ನಂಬಿಕೆ ಕೆಟ್ಟರೆ ನಾಳೆ ನಿಜವಾಗಿ ಶರಣಾಗುವವನನ್ನೂ ಯಾರೂ ನಂಬುವುದಿಲ್ಲ.

ಗೋವಾದಲ್ಲಿ ಸೆರೆಯಾದ ಮೂರು ಸಾವಿರಕ್ಕೂ ಹೆಚ್ಚು ಪೋರ್ಚುಗೀಸ್ ಸೈನಿಕರನ್ನು 1962ರ ಮೇ ಹೊತ್ತಿಗೆ ಸ್ವದೇಶಕ್ಕೆ ಕಳಿಸಲಾಯಿತು. ಪೋರ್ಚುಗೀಸ್ ಪೌರತ್ವ ಉಳಿಸಿಕೊಂಡಿದ್ದ ಗೋವಾದ ಪಾದ್ರಿ ಮೊಂತೇರೊ, ತಾವು ನಾಲ್ಕನೆಯ ಜಿನೀವಾ ಒಪ್ಪಂದದ ರಕ್ಷಣೆಗೆ ಒಳಪಟ್ಟವರೆಂದು ಸುಪ್ರೀಂ ಕೋರ್ಟಿನ ತನಕ ಹೋದರು. ಗೋವಾ ಭಾರತದಲ್ಲಿ ಸೇರಿಹೋದ ಮೇಲೆ ಅದು ಆಕ್ರಮಿತ ಪ್ರದೇಶವಾಗಿ ಉಳಿಯಲಿಲ್ಲ, ಭಾರತದ 1960ರ ಜಿನೀವಾ ಒಪ್ಪಂದಗಳ ಕಾಯಿದೆ ವ್ಯಕ್ತಿಗೆ ನೇರ ಪರಿಹಾರದ ಹಕ್ಕನ್ನು ಕೊಡುವುದಿಲ್ಲ ಎಂದು ಕೋರ್ಟು 1969ರಲ್ಲಿ ತೀರ್ಪಿತ್ತಿತು. ಜಿನೀವಾ ಒಪ್ಪಂದಗಳ ಬಗ್ಗೆ ಭಾರತದ ಅತಿ ಮುಖ್ಯ ತೀರ್ಪು ಇದೇ.

ನಾಗರಿಕರ ಮತ್ತು ಬದುಕಿನ ಆಧಾರಗಳ ರಕ್ಷಣೆ

ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಂಥ ಊರನ್ನು ಎದುರಿಗಿಟ್ಟುಕೊಂಡು ಓದಿದರೆ ನಾಗರಿಕ ರಕ್ಷಣೆಯ ನಿಯಮಗಳು ಬೇಗ ತಿಳಿಯುತ್ತವೆ. ಹೊಲದಲ್ಲಿ ನಿಂತ ಭತ್ತ, ಗೋವಿನಜೋಳ, ಹಗೇವಿನಲ್ಲೋ ಮನೆಯಲ್ಲೋ ಕೂಡಿಟ್ಟ ಕಾಳು, ಹಟ್ಟಿಯ ದನ, ಊರ ಕೆರೆ, ಕುಡಿಯುವ ನೀರಿನ ಟ್ಯಾಂಕು, ನವಲಗುಂದದ ಕಡೆ ಮಲಪ್ರಭೆಯ ಕಾಲುವೆ: ಜನರನ್ನು ಹಸಿವಿಗೆ ದೂಡಲು ಇವುಗಳ ಮೇಲೆ ದಾಳಿ ಮಾಡಬಾರದು, ಇವನ್ನು ನಾಶಮಾಡಬಾರದು ಎಂದು ಮೊದಲನೆಯ ಹೆಚ್ಚುವರಿ ಪ್ರೋಟೊಕಾಲ್‌ನ 54ನೆಯ ವಿಧಿ ಹೇಳುತ್ತದೆ. ಒಡೆದರೆ ಜನ ಕೊಚ್ಚಿಹೋಗುವ ಅಣೆಕಟ್ಟುಗಳಿಗೆ 56ನೆಯ ವಿಧಿಯ ವಿಶೇಷ ರಕ್ಷಣೆ ಇದೆ. ಶಾಲೆ, ಆಸ್ಪತ್ರೆ, ಗುಡಿ ನಾಗರಿಕ ಆಸ್ತಿಗಳು. ಶಾಲೆಯಲ್ಲಿ ತೋಪು ಇಟ್ಟು ಹೊಡೆಯತೊಡಗಿದರೆ ಅಷ್ಟು ಹೊತ್ತು ಅದು ರಕ್ಷಣೆ ಕಳೆದುಕೊಳ್ಳಬಹುದು. ಆಗಲೂ ಒಳಗಿನ ಮಕ್ಕಳ ರಕ್ಷಣೆ ಹೋಗುವುದಿಲ್ಲ. ಜನರನ್ನು ಗುರಾಣಿಯಂತೆ ಮುಂದಿಟ್ಟುಕೊಳ್ಳುವುದು ನಿಷಿದ್ಧ. ಹದಿನೈದು ವರ್ಷದೊಳಗಿನ ಮಕ್ಕಳನ್ನು ಸೈನ್ಯಕ್ಕೆ ಸೇರಿಸುವುದು ಯುದ್ಧಾಪರಾಧ.

ಭಾರತ ಈ ಪ್ರೋಟೊಕಾಲ್‌ಗಳಿಗೆ ಸೇರಿಲ್ಲ. ಆದರೆ ಇವುಗಳ ಬಹುಪಾಲು ನಿಯಮಗಳು ರೂಢಿಯ ಅಂತರರಾಷ್ಟ್ರೀಯ ಕಾನೂನಾಗಿ ಎಲ್ಲ ದೇಶಗಳಿಗೂ ಅನ್ವಯಿಸುತ್ತವೆ. 2005ರಲ್ಲಿ ರೆಡ್‌ಕ್ರಾಸ್ ಸಮಿತಿ ಪ್ರಕಟಿಸಿದ ಅಧ್ಯಯನ ಇಂಥ 161 ರೂಢಿ ನಿಯಮಗಳನ್ನು ಪಟ್ಟಿ ಮಾಡಿದೆ.

ರೆಡ್‌ಕ್ರಾಸ್ ಚಿಹ್ನೆ

ಬಿಳಿಯ ಮೇಲೆ ಕೆಂಪು ಕ್ರಾಸ್ ಸೇನೆಯ ವೈದ್ಯಕೀಯ ಸೇವೆ ಮತ್ತು ರೆಡ್‌ಕ್ರಾಸ್ ಸಂಸ್ಥೆಗಳ ರಕ್ಷಣಾ ಚಿಹ್ನೆ. ಅದನ್ನು ಕಂಡ ಸೈನಿಕ ಗುಂಡು ಹಾರಿಸಬಾರದು. ನಮ್ಮ ತಾಲ್ಲೂಕು ಊರುಗಳಲ್ಲಿ ಔಷಧ ಅಂಗಡಿಯ ಫಲಕ, ಖಾಸಗಿ ದವಾಖಾನೆ, ಡಾಕ್ಟರ ಕಾರು, ಬಾಡಿಗೆ ಅಂಬ್ಯುಲೆನ್ಸ್‌ಗಳ ಮೇಲೆಲ್ಲ ಈ ಚಿಹ್ನೆ ಕಾಣಿಸುತ್ತದೆ. ಕೇಂದ್ರ ಸರಕಾರದ ಒಪ್ಪಿಗೆ ಇಲ್ಲದ ಇಂಥ ಬಳಕೆ 1960ರ ಜಿನೀವಾ ಒಪ್ಪಂದಗಳ ಕಾಯಿದೆಯ 12ನೆಯ ಕಲಮಿನಂತೆ ತಪ್ಪು. 13ನೆಯ ಕಲಮಿನಂತೆ 500 ರೂಪಾಯಿವರೆಗೆ ದಂಡವಿದೆ. ಯುದ್ಧವಿಲ್ಲದ ಕಾಲದಲ್ಲಿ ಸಿಕ್ಕಸಿಕ್ಕಲ್ಲಿ ಕಂಡ ಚಿಹ್ನೆಗೆ ಯುದ್ಧಕಾಲದಲ್ಲಿ ಬೆಲೆ ಉಳಿಯುವುದಿಲ್ಲ ಎಂಬುದೇ ಈ ನಿಷೇಧದ ಕಾರಣ.

ಭಾರತದಲ್ಲಿ ಕಾನೂನಿನ ಸ್ಥಿತಿ

ಭಾರತ ನಾಲ್ಕೂ ಜಿನೀವಾ ಒಪ್ಪಂದಗಳನ್ನು 1950ರ ನವೆಂಬರ್ 9ರಂದು ಅಂಗೀಕರಿಸಿತು. ಅಂತರರಾಷ್ಟ್ರೀಯ ಕಾನೂನಿಗೆ ಗೌರವ ಬೆಳೆಸಬೇಕೆಂದು ಸಂವಿಧಾನದ 51ನೆಯ ಅನುಚ್ಛೇದ ಹೇಳುತ್ತದೆ. 1960ರ ಕಾಯಿದೆ ಒಪ್ಪಂದಗಳ ಘೋರ ಉಲ್ಲಂಘನೆಗೆ ಶಿಕ್ಷೆ ಗೊತ್ತುಮಾಡಿದೆ: ರಕ್ಷಿತ ವ್ಯಕ್ತಿಯ ಉದ್ದೇಶಪೂರ್ವಕ ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ, ಉಳಿದವಕ್ಕೆ 14 ವರ್ಷಗಳವರೆಗೆ ಸೆರೆ. ಆದರೆ ಸರಕಾರ ದೂರು ಕೊಡದೆ ಯಾವ ನ್ಯಾಯಾಲಯವೂ ಇಂಥ ಪ್ರಕರಣ ಕೈಗೆತ್ತಿಕೊಳ್ಳುವಂತಿಲ್ಲ. ಭಾರತ ಜೈವಿಕ ಮತ್ತು ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದಗಳಲ್ಲಿದೆ. ನೆಲಬಾಂಬು ನಿಷೇಧದ ಒಟ್ಟಾವಾ ಒಪ್ಪಂದ ಮತ್ತು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ 1998ರ ರೋಮ್ ಶಾಸನಕ್ಕೆ ಸೇರಿಲ್ಲ.

ಮಿತಿಗಳು ಮತ್ತು ಮೌಲ್ಯಮಾಪನ

ಈ ಕಾನೂನನ್ನು ಬಲವಾದ ದೇಶಗಳೇ ಹೆಚ್ಚು ಮುರಿಯುತ್ತವೆ, ಶಿಕ್ಷೆ ಸೋತವರಿಗೇ ಹೆಚ್ಚು ಬೀಳುತ್ತದೆ ಎಂಬ ಟೀಕೆಯಲ್ಲಿ ಹುರುಳಿದೆ. ಡ್ರೋನ್, ಸೈಬರ್ ದಾಳಿ, ತಾನಾಗಿಯೇ ಗುರಿ ಆರಿಸುವ ಆಯುಧಗಳು ಭೇದದ ತತ್ತ್ವಕ್ಕೆ ಹೊಸ ಸವಾಲು ಒಡ್ಡಿವೆ. ಸರಕಾರಗಳು ತಮ್ಮ ನೆಲದ ಸಂಘರ್ಷವನ್ನು ಸಶಸ್ತ್ರ ಸಂಘರ್ಷವೆಂದು ಒಪ್ಪಲು ಹಿಂಜರಿಯುತ್ತವೆ. ಇಷ್ಟಾದರೂ ನಿಯಮ ಇರುವುದರಿಂದಲೇ ಗಾಯಾಳುಗಳ ಬಳಿಗೆ ಅಂಬ್ಯುಲೆನ್ಸ್ ಹೋಗುತ್ತದೆ, ಸೆರೆಯಾಳಿನ ಪತ್ರ ಮನೆ ಸೇರುತ್ತದೆ, ತಪ್ಪು ಮಾಡಿದವನನ್ನು ಅಪರಾಧಿ ಎಂದು ಕರೆಯಲು ಅಳತೆಗೋಲು ಸಿಗುತ್ತದೆ. ಕಾನೂನಿಲ್ಲದ ಕಾಲದಲ್ಲಿ ಹಲಗಲಿಗೆ ಏನಾಯಿತು, ಕಾನೂನಿನ ನೆರಳಿನಲ್ಲಿ ನಂದಾ ಕಾರ್ಯಪ್ಪ ಹೇಗೆ ಮನೆಗೆ ಮರಳಿದರು ಎಂಬುದನ್ನು ಪಕ್ಕಪಕ್ಕ ಇಟ್ಟರೆ ಇದರ ಬೆಲೆ ತಿಳಿಯುತ್ತದೆ.

ಒಪ್ಪಂದದ ನಿಯಮಗಳನ್ನು ಶಾಂತಿಕಾಲದಲ್ಲೇ ಸೈನಿಕರಿಗೂ ಸಾಮಾನ್ಯ ಜನರಿಗೂ ಆದಷ್ಟು ವ್ಯಾಪಕವಾಗಿ ತಿಳಿಸಬೇಕು ಎಂದು ನಾಲ್ಕೂ ಜಿನೀವಾ ಒಪ್ಪಂದಗಳು ಸರಕಾರಗಳಿಗೆ ವಿಧಿಸಿವೆ. ಸೈನ್ಯಕ್ಕೆ ಮಕ್ಕಳನ್ನು ಕಳಿಸುವ ಧಾರವಾಡ, ಬೆಳಗಾವಿ, ಕೊಡಗಿನ ಹಳ್ಳಿಗಳಿಗೆ ಆ ತಿಳಿವಳಿಕೆ ಕನ್ನಡದಲ್ಲೇ ತಲುಪಬೇಕು. ಶಾಲೆಯ ಪಾಠದಲ್ಲಿ ಕಿತ್ತೂರಿನ ವೀರಗಾಥೆಯ ಜೊತೆ ಅಲ್ಲಿ ಉಳಿಸಿದ ಜೀವಗಳ ಕಥೆಯೂ, ತಿಮ್ಮಯ್ಯನವರ ಪದವಿಗಳ ಜೊತೆ ಅವರು ಕೊರಿಯಾದಲ್ಲಿ ಕಾಪಾಡಿದ ಕೈದಿಗಳ ಕಥೆಯೂ ಸೇರಬೇಕು. ಅದಕ್ಕೆ ಯುದ್ಧ ಬರುವ ತನಕ ಕಾಯುವುದು ಸಲ್ಲದು.